ಸ್ಲೇಟು ಸಾಹೇಬರ ಮನೆಯ ಟಕಟಕ

ಆ ಕಟ್ಟಡದಲ್ಲಿ ಸಾಹೇಬರು ಕಣ್ಣಿಗೆ ಬೀಳದ ದಿನ ಯಾರಿಗೂ ಇರಲಿಲ್ಲ. ತಪ್ಪಿಸಿಕೊಂಡು ಓಡಾಡುವವರಿಗೂ ಅವರು ಸಿಗುತ್ತಿದ್ದರು. ಲಿಫ್ಟಿನ ಬಾಗಿಲಲ್ಲಿ, ಪಂಪಿನ ಮನೆಯ ಮುಂದೆ, ಗೇಟಿನಲ್ಲಿ ಕಾವಲುಗಾರನ ಕುರ್ಚಿಯ ಪಕ್ಕದಲ್ಲಿ, ಎಲ್ಲೆಂದರಲ್ಲಿ ಕಂಕುಳಿಗೆ ಟ್ಯಾಬ್ಲೆಟ್ ಇರುಕಿಕೊಂಡು ನಿಂತಿರುತ್ತಿದ್ದರು. ಅದಕ್ಕೊಂದು ಕಂದು ಬಣ್ಣದ ಚರ್ಮದ ಕವಚ. ಯಾರಾದರೂ ಮಾತಿಗೆ ಸಿಕ್ಕಿದರೆ ಕವಚ ತೆರೆದು, ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಒಂದು ಬೆರಳಿನಲ್ಲಿ ಮೇಲಕ್ಕೂ ಕೆಳಕ್ಕೂ ಸವರಿ, ಮತ್ತೆ ಮುಚ್ಚಿಡುವರು. ಏನನ್ನೂ ತೋರಿಸುತ್ತಿರಲಿಲ್ಲ. ಬೇಕಿದ್ದರೆ ತೋರಿಸಬಲ್ಲೆ ಎಂಬುದನ್ನು ತೋರಿಸುತ್ತಿದ್ದರು, ಅಷ್ಟೆ. ಮಕ್ಕಳು ಅವರಿಗೆ ಸ್ಲೇಟು ಸಾಹೇಬರು ಎಂದು ಹೆಸರಿಟ್ಟಿದ್ದರು. ದೊಡ್ಡವರೂ ಬೆನ್ನ ಹಿಂದೆ ಹಾಗೆಯೇ ಕರೆಯುತ್ತಿದ್ದರು. ಅವರ ಹೆಂಡತಿ ಬಾಯಿ ಬಿಟ್ಟು ಹಾಗೆ ಕರೆದವಳಲ್ಲ. ಮನಸ್ಸಿನಲ್ಲಿ ಕರೆಯುತ್ತಿದ್ದಳು, ಆಮೇಲೆ ತಪ್ಪಾಯಿತಪ್ಪಾ ಎಂದು ದೇವರ ಹತ್ತಿರ ಹೇಳಿಕೊಳ್ಳುತ್ತಿದ್ದಳು, ಮರುದಿನ ಬೆಳಗಾದರೆ ಮತ್ತೆ ಕರೆಯುತ್ತಿದ್ದಳು.

ಸಾಹೇಬರು ಬಸ್ ಡಿಪೋದಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಅಲ್ಲಿ ಅವರಿಗೊಬ್ಬ ಟೈಪಿಸ್ಟ್ ಇದ್ದ. ಸಾಹೇಬರು ಕಿಟಕಿಯ ಹತ್ತಿರ ಬೆನ್ನ ಹಿಂದೆ ಕೈಕಟ್ಟಿ ನಿಂತು, ಕೆಟ್ಟು ನಿಂತ ಬಸ್ಸುಗಳ ಕಡೆ ನೋಡುತ್ತ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಮಾತು ಕಾಗದದ ಮೇಲೆ ಸಾಲಾಗಿ ಬಂದು ಮೇಜಿನ ಮೇಲೆ ಕೂತಿರುತ್ತಿತ್ತು. ಸಾಹೇಬರು ಒಂದು ಪದ ಹೊಡೆದು ಇನ್ನೊಂದು ಪದ ಬರೆದು ಸಹಿ ಹಾಕುವರು. ಜೀವಮಾನವಿಡೀ ಹೀಗೆಯೇ ನಡೆದದ್ದರಿಂದ ಹೇಳುವುದೇ ಕೆಲಸ, ಹೇಳಿದ್ದು ಅಕ್ಷರವಾಗುವುದು ನೀರು ತಗ್ಗಿಗೆ ಹರಿದಷ್ಟು ಸಹಜ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಮಧ್ಯೆ ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಕೂತಿದ್ದ ಎಂಬುದು ಅವರ ಗಮನಕ್ಕೆ ಬಂದಿದ್ದರೆ ಆ ಟೈಪಿಸ್ಟನ ಮದುವೆಗಾದರೂ ಹೋಗಿಬರುತ್ತಿದ್ದರು.

ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ ಟ್ಯಾಬ್ಲೆಟ್ ಕೊಟ್ಟು ಕಳಿಸಿದರು. ಅದಾದ ಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿ ಸ್ಥಾನ ಖಾಲಿಯಾಯಿತು. ಬೇರೆ ಯಾರಿಗೂ ಬೇಡವಾಗಿತ್ತು, ಸಾಹೇಬರಿಗೆ ಬೇಕಾಗಿತ್ತು. ನೀರು ಬಿಡುವ ಹೊತ್ತು, ಲಿಫ್ಟ್ ರಿಪೇರಿ, ಸಭೆಯ ನಡಾವಳಿ, ಎಲ್ಲದಕ್ಕೂ ನೋಟೀಸು ಬೇಕು. ಮೊದಲ ನೋಟೀಸಿನ ದಿನ ಸಾಹೇಬರು ಟ್ಯಾಬ್ಲೆಟ್ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಒಳಕೋಣೆಯ ಕಡೆ ತಿರುಗಿ, "ಲೇ, ನಾನು ಹೇಳ್ತೀನಿ, ಸ್ವಲ್ಪ ಬರ್ಕೋ" ಎಂದರು.

ಒಳಕೋಣೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಆಕೆಯ ತಂಗಿಯ ಮಗಳು ಓದು ಮುಗಿದ ಮೇಲೆ, "ದೊಡ್ಡಮ್ಮ, ಇದು ಬೇಕಿದ್ರೆ ಇಟ್ಕೋ, ಬೇಡ ಅಂದ್ರೆ ಎಸಿ" ಎಂದು ಬಿಟ್ಟುಹೋದದ್ದು. ಬ್ಯಾಟರಿ ಸತ್ತಿತ್ತು, ತಂತಿ ಚುಚ್ಚಿಟ್ಟರೆ ಮಾತ್ರ ಉಸಿರಾಡುತ್ತಿತ್ತು. ಕೀಲಿಗಳ ಮೇಲಿನ ಅಕ್ಷರಗಳಲ್ಲಿ ಅರ್ಧ ಅಳಿಸಿಹೋಗಿದ್ದವು. ಆಕೆಗೆ ಯಾರೂ ಟೈಪಿಂಗ್ ಕಲಿಸಿರಲಿಲ್ಲ. ಮೊದಲ ನೋಟೀಸಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಹತ್ತಾರು ನೋಟೀಸು ಕಳೆಯುವ ಹೊತ್ತಿಗೆ ಕಣ್ಣು ಪರದೆಯ ಮೇಲಿದ್ದರೂ ಬೆರಳು ತಾನಾಗಿ ಜಾಗ ಹುಡುಕಿಕೊಳ್ಳುವಂತಾಯಿತು. ಹಜಾರದಲ್ಲಿ ಸಾಹೇಬರು ಟ್ಯಾಬ್ಲೆಟ್ ಹಿಡಿದು ಅಡ್ಡಾಡುತ್ತ ಹೇಳುವುದು, ಒಳಕೋಣೆಯಲ್ಲಿ ಟಕಟಕ ಸದ್ದು, ಆಕೆ ಕಳಿಸಿದ ಪುಟ ಹಜಾರದ ಗಾಜಿನ ಮೇಲೆ ಮೂಡುವುದು. ಸಾಹೇಬರು ಅದನ್ನು ಬೆರಳಿನಿಂದ ಸವರಿ, "ಕೋರಲಾಗಿದೆ" ಎಂದಿದ್ದ ಕಡೆ "ವಿನಂತಿಸಲಾಗಿದೆ" ಮಾಡಿ, ಎಲ್ಲರಿಗೂ ಕಳಿಸಿ, "ಮುಗೀತು. ಎಷ್ಟು ಹೊತ್ತಿನ ಕೆಲಸ ಇದು" ಎನ್ನುವರು.

ಇದರಲ್ಲಿ ಸುಳ್ಳಿರಲಿಲ್ಲ ಎನ್ನುವುದೇ ಆಕೆಗೆ ತಡೆದುಕೊಳ್ಳಲಾಗದ ಸಂಗತಿ. ಗಂಡ ಬೇಕೆಂದೇ ಹೆಂಡತಿಯ ಕೆಲಸವನ್ನು ತನ್ನದೆಂದು ಹೇಳಿಕೊಂಡಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಅವರು ಎಳ್ಳಷ್ಟೂ ಸುಳ್ಳಿಲ್ಲದೆ, ಇದೆಲ್ಲ ಈ ಗಾಜು ಮಾಡುತ್ತಿದೆ ಎಂದು ನಂಬಿದ್ದರು. ನಂಬಿದವರ ಮೇಲೆ ಕೋಪ ಬರುವುದಿಲ್ಲ, ಬರುವುದು ತಿರಸ್ಕಾರ. ಅದು ಕೋಪಕ್ಕಿಂತ ದೊಡ್ಡ ಪಾಪ ಎಂದು ಆಕೆಗೆ ಗೊತ್ತಿತ್ತು. "ದೇವರೇ, ನನ್ನ ಬಾಯಿ ಕಾಯಪ್ಪ" ಎಂದು ದಿನಾ ಬೇಡಿಕೊಳ್ಳುತ್ತಿದ್ದಳು. ದೇವರು ಬಾಯಿ ಕಾಯುತ್ತಿದ್ದ. ಮನಸ್ಸಿನ ಜವಾಬ್ದಾರಿ ಅವನೂ ವಹಿಸಿಕೊಂಡಂತೆ ಕಾಣಲಿಲ್ಲ.

ಲ್ಯಾಪ್‌ಟಾಪಿನಿಂದ ಆಕೆಗೆ ಒಂದು ಒಳ್ಳೆಯದೂ ಆಗಿತ್ತು. ಪ್ರಾರ್ಥನೆಗೆ ಹೋಗುವ ಕಡೆ ಕಣ್ಣು ಕಾಣದ ಒಬ್ಬ ಮೇಷ್ಟ್ರು ಬರುತ್ತಿದ್ದರು. ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವವರು. ಒಂದು ದಿನ ಮೆಟ್ಟಿಲಿಳಿಯುವಾಗ ಕೈಹಿಡಿದುಕೊಂಡವರು, "ಅಮ್ಮ, ನಿಮ್ಮ ಬೆರಳ ತುದಿ ಗಟ್ಟಿಯಾಗಿದೆ. ಟೈಪ್ ಮಾಡ್ತೀರಾ?" ಎಂದು ಕೇಳಿದರು. ಅವರ ಶಾಲೆಗೆ ಅಚ್ಚಿನ ಪುಸ್ತಕಗಳನ್ನು ಟೈಪ್ ಮಾಡಿಕೊಡುವವರು ಬೇಕಿತ್ತು. ಹಾಗೆ ಮಾಡಿಕೊಟ್ಟರೆ ಒಂದು ಯಂತ್ರ ಅದನ್ನು ಬ್ರೈಲ್ ಚುಕ್ಕಿಗಳಾಗಿ ಒತ್ತಿ ಕೊಡುತ್ತಿತ್ತು. ಮಕ್ಕಳು ಬೆರಳಿನಿಂದ ಓದಿಕೊಳ್ಳುತ್ತಿದ್ದರು. ಆಕೆ ಒಪ್ಪಿಕೊಂಡಳು. ಯಾರಿಗೂ ಹೇಳಲಿಲ್ಲ, ಮುಚ್ಚಿಟ್ಟದ್ದೂ ಅಲ್ಲ. ಕೇಳುವವರು ಇರಲಿಲ್ಲ, ಅಷ್ಟೇ.

ಆ ವರ್ಷ ಕೈಯಲ್ಲಿದ್ದದ್ದು ಏಳನೇ ತರಗತಿಯ ವಿಜ್ಞಾನ. ಶಾಲೆ ತೆರೆಯುವ ಮುಂಚೆ ಪುಸ್ತಕ ಪೂರ್ತಿ ಸಿಕ್ಕಬೇಕು, ಒತ್ತುವ ಯಂತ್ರ ನಮಗೆ ಸಿಗುವುದೇ ಆ ಒಂದು ವಾರ ಎಂದು ಮೇಷ್ಟ್ರು ಹೇಳಿದ್ದರು. ತಪ್ಪಿದರೆ ಮಕ್ಕಳು ಇಡೀ ವರ್ಷ ಕಿವಿಯಲ್ಲಿ ಕೇಳಿದ್ದನ್ನೇ ನೆನಪಿಟ್ಟುಕೊಂಡು ಪರೀಕ್ಷೆಗೆ ಕೂರಬೇಕು. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. "ಚಿತ್ರಗಳನ್ನ ಮಾತ್ರ ಬಿಟ್ಟು ಹೋಗಬೇಡಿ ಅಮ್ಮ. ಪುಸ್ತಕ ಬರೆದೋರು ಅರ್ಧ ಪಾಠನ ಚಿತ್ರದೊಳಗೇ ಅಡಗಿಸಿಟ್ಟಿರ್ತಾರೆ." ಹಾಗಾಗಿ ಚಿತ್ರ ಬಂದ ಕಡೆಯೆಲ್ಲ ಅದನ್ನು ಮಾತಿನಲ್ಲಿ ಬರೆಯಬೇಕಿತ್ತು. ಎಲೆ, ಬೇರು, ಮಳೆಮೋಡ ಎಲ್ಲ ದಾಟಿ ಆಕೆ ಸರಳ ಯಂತ್ರಗಳ ಪಾಠಕ್ಕೆ ಬಂದು ನಿಂತಿದ್ದಳು. ಅಲ್ಲೊಂದು ಏರುಹಲಗೆಯ ಚಿತ್ರ. ಒಂದು ತುದಿಯಲ್ಲಿ ದಪ್ಪ ಹುಡುಗ, ಇನ್ನೊಂದು ತುದಿಯಲ್ಲಿ ಸಣಕಲು ಹುಡುಗಿ, ಕೆಳಗೆ, ಹುಡುಗನ ಕಡೆಗೆ ಸರಿದು ಒಂದು ಆನಿಕೆ. ಭಾರ, ಬಲ, ಆಧಾರ ಎಂದು ಬಾಣದ ಗುರುತುಗಳು. ಬಾಣವನ್ನು ಬೆರಳಿಗೆ ಹೇಗೆ ಹೇಳುವುದು? ಎರಡು ದಿನ ಯೋಚಿಸಿದ್ದಳು, ಬರೆದು ಅಳಿಸಿದ್ದಳು.

ಹೀಗಿರುವಾಗ ಸಂಘದ ಸಭೆ ಬಂತು.

ಸಭೆ ನಡೆಯುವುದು ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ. ಮೀಟರ್ ಕೋಣೆಯ ಪಕ್ಕ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ತಂದಿಟ್ಟಿದ್ದರು. ಕೆಟ್ಟ ಮಿಕ್ಸಿ, ಸತ್ತ ಫೋನು, ಸುಟ್ಟ ಚಾರ್ಜರುಗಳನ್ನೆಲ್ಲ ಅದರಲ್ಲಿ ಹಾಕಬೇಕು, ಮರುದಿನ ಮಧ್ಯಾಹ್ನ ವ್ಯಾನ್ ಬಂದು ಒಯ್ಯುತ್ತದೆ, ಬೀಗದ ಕೈ ಖಜಾಂಚಿಯ ಹತ್ತಿರ. ಖಜಾಂಚಿ ಎಂದರೆ ಮೂಲೆಯ ಔಷಧಿ ಅಂಗಡಿಯಾಕೆ. ಚಿಕ್ಕ ವಯಸ್ಸು, ಚುರುಕು ನಾಲಿಗೆ. ಸಭೆಯಲ್ಲಿ ಆಕೆಯೇ ಎದ್ದು, "ಸಂಘದ ಆಫೀಸಿಗೆ ಒಂದು ಲ್ಯಾಪ್‌ಟಾಪ್ ಬೇಕು. ಎಲ್ಲಾ ಕಾಗದಪತ್ರ ಸಾಹೇಬ್ರ ಕಂಕುಳಲ್ಲೇ ಇದ್ರೆ ಅವರು ಊರಿಗೆ ಹೋದಾಗ ನಾವೇನು ಮಾಡೋಣ?" ಎಂದಳು.

ಸಾಹೇಬರು ಎದ್ದರು. ಎದ್ದ ರೀತಿ ನೋಡಿಯೇ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಗೆ ಇದು ಬೇಗ ಮುಗಿಯುವ ಮಾತಲ್ಲ ಎಂದು ಗೊತ್ತಾಯಿತು.

"ಲ್ಯಾಪ್‌ಟಾಪ್ ಅನ್ನೋದು ಮುಗಿದ ಕಥೆ" ಎಂದು ಶುರುಮಾಡಿದರು. "ಅದೇನು ಲ್ಯಾಪ್‌ಟಾಪೋ, ಕಲ್ಲುಚಪ್ಪಡಿಯೋ. ಹೊತ್ತುಕೊಂಡು ತಿರುಗೋಕಾಗುತ್ತಾ? ನೋಡಿ, ಇದು. ಹಗುರ. ಬೆಳಿಗ್ಗೆ ಚಾರ್ಜ್ ಮಾಡಿದ್ರೆ ಸಂಜೆವರೆಗೂ ಯೋಚನೆ ಇಲ್ಲ. ಮುಟ್ಟಿದ್ರೆ ಸಾಕು, ಕೆಲಸ ಆಗುತ್ತೆ. ನಾನು ಕಾರ್ಯದರ್ಶಿ ಆದಾಗಿನಿಂದ ನಿಮಗೆ ಬಂದ ಒಂದೊಂದು ನೋಟೀಸೂ ಇದರಲ್ಲೇ ಆಗಿರೋದು. ನಡಾವಳಿ ಇದರಲ್ಲೇ. ಒಂದು ಕಡೆ ತಪ್ಪು ತೋರಿಸಿ ನೋಡೋಣ."

"ತಪ್ಪಿಲ್ಲ ಸಾಹೇಬ್ರೇ, ಒಪ್ಕೊಂಡೆ" ಎಂದಳು ಖಜಾಂಚಿ. "ಅಷ್ಟುದ್ದ ನಡಾವಳಿ ಗಾಜಿನ ಮೇಲೆ ಕುಟ್ಟೋಕೆ ಬೆರಳು ನೋಯಲ್ವಾ?"

"ಅಭ್ಯಾಸ" ಎಂದರು ಸಾಹೇಬರು. "ಎಲ್ಲಾ ಅಭ್ಯಾಸದಲ್ಲಿದೆಯಮ್ಮ."

ಹಿಂದಿನ ಸಾಲಿನಲ್ಲಿ ಆಕೆ ತನ್ನ ಬೆರಳ ತುದಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಲ್ಲಿಗೆ ನಿಲ್ಲಿಸಿದ್ದರೆ ಮಾತು ಮಾತಾಗಿಯೇ ಉಳಿಯುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಲೆಯಾಡಿಸಿ, "ನಿಜಾನೇ ಬಿಡಿ" ಎಂದುಬಿಟ್ಟರು. ಸಾಹೇಬರಿಗೆ ಹೊಗಳಿಕೆ ಸ್ವಲ್ಪ ಹೆಚ್ಚು ಏರುತ್ತಿತ್ತು. "ಬರೀ ಮಾತಲ್ಲ, ಮಾಡಿ ತೋರಿಸ್ತೀನಿ. ನಮ್ಮ ಮನೇಲೂ ಒಂದು ಲ್ಯಾಪ್‌ಟಾಪ್ ಸುಮ್ಮನೆ ಧೂಳು ಹಿಡೀತಾ ಬಿದ್ದಿದೆ. ಈ ಪೆಟ್ಟಿಗೆಗೆ ಮೊದಲನೇದು ಅದೇ ಬೀಳಲಿ" ಎಂದು ಲಿಫ್ಟಿನ ಕಡೆ ಹೊರಟೇಬಿಟ್ಟರು.

ಆಕೆ ಕೂತಲ್ಲೇ ಕೂತಳು. ಏಳಬೇಕು, ಬೇಡ ರೀ ಎನ್ನಬೇಕು. ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಇಷ್ಟು ಜನರ ಮುಂದೆ ಆ ಮನುಷ್ಯನ ಮಾನದ ಗತಿ ಏನು? ಆಕೆ ಲೆಕ್ಕ ಹಾಕುತ್ತಿದ್ದಂತೆ ಸಾಹೇಬರು ಇಳಿದುಬಂದರು. ಲ್ಯಾಪ್‌ಟಾಪ್ ಒಂದು ಕೈಯಲ್ಲಿ ಜೋತಾಡುತ್ತಿತ್ತು, ತಂತಿ ನೆಲ ಗುಡಿಸುತ್ತ ಹಿಂದೆ ಬರುತ್ತಿತ್ತು. ಇನ್ನೊಂದು ಕಂಕುಳಲ್ಲಿ ಟ್ಯಾಬ್ಲೆಟ್ ಭದ್ರವಾಗಿತ್ತು. ಪೆಟ್ಟಿಗೆಯೊಳಗೆ ದಡಾರನೆ ಸದ್ದಾಯಿತು. ಜನ ಚಪ್ಪಾಳೆ ತಟ್ಟಿದರು. ಉಳಿದವರೂ ತಮ್ಮ ತಮ್ಮದನ್ನು ಹಾಕಿದ ಮೇಲೆ ಖಜಾಂಚಿ ಬೀಗ ಹಾಕಿದಳು. ಹಾಕುವಾಗ ಒಮ್ಮೆ ಹಿಂದಿನ ಸಾಲಿನ ಕಡೆ ನೋಡಿದಳು.

ಮನೆಗೆ ಬಂದ ಮೇಲೆ ಸಾಹೇಬರು ಷರಟಿನ ಗುಂಡಿ ಬಿಚ್ಚುತ್ತ, "ಹೇಗಿತ್ತು?" ಎಂದರು.

"ಅದರಲ್ಲಿ ನನ್ನ ಪುಸ್ತಕ ಇತ್ತು" ಎಂದಳು ಆಕೆ.

"ಯಾವ ಪುಸ್ತಕ? ನಿನ್ನ ಪುಸ್ತಕ ಮೇಜಿನ ಮೇಲೇ ಇದೆಯಲ್ಲ, ನಾನೇ ನೋಡಿದೆ. ಅದನ್ನ ಸರಿಸಿ ಲ್ಯಾಪ್‌ಟಾಪ್ ತಗೊಂಡು ಹೋದದ್ದು."

"ಟೈಪ್ ಮಾಡಿದ್ದು ರೀ. ಕಣ್ಣು ಕಾಣದ ಮಕ್ಕಳಿಗೆ. ನಾಲ್ಕು ತಿಂಗಳಿಂದ ಮಾಡ್ತಿದ್ದೆ. ಶಾಲೆ ತೆರೆಯೋ ಮುಂಚೆ ಕೊಡಬೇಕು."

ಹೆಂಡತಿ ನಾಲ್ಕು ತಿಂಗಳಿಂದ ಏನೋ ಮಾಡುತ್ತಿದ್ದಳು ಎಂಬುದು ಸಾಹೇಬರಿಗೆ ಹೊಸ ವಿಷಯ. ಆಮೇಲೆ ಅವರ ಮುಖ ಬೆಳಗಿತು. "ಅಷ್ಟೇ ತಾನೆ? ಇದರಲ್ಲೇ ಮಾಡ್ಕೋ. ನಾನು ಮಾಡ್ತಿಲ್ವಾ?" ಎಂದು ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಮಗುವನ್ನು ಎತ್ತಿ ಕೊಡುವಾಗಲೂ ಅಷ್ಟು ಜೋಪಾನ ಮಾಡಿದವರಲ್ಲ.

ಆಕೆ ತೆಗೆದುಕೊಂಡಳು. ನ್ಯಾಯವಾಗಿ ನೋಡೋಣ ಎಂದುಕೊಂಡಳು. ಯಜಮಾನನ ಮೇಲಿನ ಸಿಟ್ಟನ್ನು ಒಂದು ವಸ್ತುವಿನ ಮೇಲೆ ತೀರಿಸಿಕೊಳ್ಳಬಾರದು. ಅದನ್ನು ಊಟದ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ವಿಜ್ಞಾನದ ಪುಸ್ತಕ ತೆರೆದು, ಕೂತಳು. ಓದಲು ಚೆನ್ನಾಗಿತ್ತು, ಇಲ್ಲವೆನ್ನುವ ಹಾಗಿಲ್ಲ. ಚಿತ್ರಗಳು ಕನ್ನಡಿಯಲ್ಲಿ ಕಂಡಷ್ಟು ಚೊಕ್ಕ. ಬರೆಯಲು ಹೋದರೆ ಕೀಲಿಗಳೇ ಅರ್ಧ ಗಾಜನ್ನು ನುಂಗಿಕೊಂಡು ಎದ್ದು ಬಂದವು. ಬರೆದದ್ದು ಕಾಣಲು ಉಳಿದದ್ದು ಎರಡು ಬೆರಳಿನಷ್ಟು ಜಾಗ. ಆಕೆಗೆ ಕೀಲಿಗಳ ಮೇಲೆ ಬೆರಳಿಟ್ಟು ಯೋಚಿಸುವ ರೂಢಿ. ಇದರ ಮೇಲೆ ಬೆರಳು ಇಟ್ಟರೆ ಅದು ಬರೆದೇಬಿಡುತ್ತಿತ್ತು. ಸುಮ್ಮನೆ ಕಾಯುವುದು ಅದಕ್ಕೆ ಗೊತ್ತೇ ಇರಲಿಲ್ಲ. ಅಂಗೈ ತಾಗಿದರೆ ಪುಟ ಎಲ್ಲಿಗೋ ಹಾರಿ ಹೋಗುವುದು. ಒಂದು ವಾಕ್ಯವನ್ನು ಮೇಲಿನಿಂದ ಕಿತ್ತು ಕೆಳಗಿಡಲು ಹೋಗಿ ಎರಡು ವಾಕ್ಯ ಕಳೆದುಕೊಂಡಳು.

ಸಾಹೇಬರು ಬೆನ್ನ ಹಿಂದೆ ನಿಂತು, "ಬೆರಳು ಹಗುರ ಇಡು. ಒತ್ತಬಾರದು. ಮುಟ್ಟಬೇಕು ಅಷ್ಟೆ" ಎನ್ನುತ್ತಿದ್ದರು.

"ಒಂದು ಸಾಲು ನೀವು ಬರೆದು ತೋರಿಸಿ" ಎಂದು ಆಕೆ ಕುರ್ಚಿ ಬಿಟ್ಟುಕೊಟ್ಟಳು.

ಸಾಹೇಬರು ಕೂತರು. ಕನ್ನಡಕ ಸರಿಮಾಡಿಕೊಂಡರು. ಗಾಜು ಒರೆಸಿದರು. ಪುಸ್ತಕದ ಸಾಲು ನೋಡಿದರು, ಗಾಜು ನೋಡಿದರು, ತೋರುಬೆರಳನ್ನು ಎತ್ತಿ ಗಾಳಿಯಲ್ಲಿ ಹಿಡಿದುಕೊಂಡರು. ಆ ಬೆರಳು ಅಲ್ಲೇ ನಿಂತಿತು.

"ನಾನು ಹೇಳ್ತೀನಿ" ಎಂದರು ಕೊನೆಗೆ. "ನೀನು ಬರ್ಕೋ."

ಆಕೆಗೆ ನಗು ಬರಬೇಕಿತ್ತು. ಬಂದದ್ದು ಬೇರೆಯೇ. ಇಷ್ಟು ವರ್ಷ ಒಳಕೋಣೆಯಲ್ಲಿ ಕೂತು ಈ ಬೆರಳನ್ನು ಸಾಕಿದವಳು ನಾನೇ ಅಲ್ಲವೇ ಎಂಬ ಯೋಚನೆ ಬಂತು. ಆ ಟೈಪಿಸ್ಟನಿಗೆ ಸಂಬಳವಿತ್ತು, ಬಾಯಿ ಮುಚ್ಚಿಕೊಂಡಿದ್ದ. ತನಗೆ ಏನಿತ್ತು? ಮಾನ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ. ಗಂಡನ ಮೇಲಿದ್ದ ತಿರಸ್ಕಾರದಲ್ಲಿ ಸ್ವಲ್ಪ ಪಾಲು ಆಕೆ ತನ್ನ ತಟ್ಟೆಗೂ ಬಡಿಸಿಕೊಂಡಳು. ಆ ಸಂಜೆಯ ಪ್ರಾರ್ಥನೆಯಲ್ಲಿ ಬಾಯಿ ಕಾಯಪ್ಪ ಎಂದು ಕೇಳಿಕೊಳ್ಳಲಿಲ್ಲ. ಆ ಒಂದು ಬೇಡಿಕೆಯನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಎದ್ದಳು.

ಬೆಳಿಗ್ಗೆ ಔಷಧಿ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಆಕೆ ಕಟ್ಟೆಯ ಮೇಲೆ ನಿಂತಿದ್ದಳು. ಖಜಾಂಚಿ ಷಟರ್ ಎತ್ತುತ್ತ, "ಬನ್ನಿ ಅಕ್ಕ. ತಲೆನೋವಾ?" ಎಂದಳು.

"ಹಳೇದು."

"ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಬೀಗದ ಕೈ ಇದೆ" ಎಂದು ಖಜಾಂಚಿ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರ್ ಎಳೆದಳು.

ಆಕೆ ಮುಖ ನೋಡಿದಳು. "ನಿನಗೆ ಗೊತ್ತಿತ್ತಾ?"

"ಅಕ್ಕ, ಸಾಹೇಬ್ರ ಸ್ಲೇಟು ಕೆಳಗೆ ಬಿದ್ದು ಗಾಜು ಸೀಳಿ ರಿಪೇರಿಗೆ ಹೋಗಿತ್ತಲ್ಲ, ನೆನಪಿದೆಯಾ? ಪಾಪ, ಬರಿ ಕಂಕುಳಲ್ಲಿ ಓಡಾಡ್ತಿದ್ರು, ಕೈ ಎಲ್ಲಿಡಬೇಕೂಂತ ಗೊತ್ತಾಗದೆ. ಆ ವಾರಾನೂ ನಮಗೆ ನೋಟೀಸು ಬಂತು. ಒಂದು ಅಕ್ಷರ ಹೆಚ್ಚು ಕಮ್ಮಿ ಇಲ್ಲ. ‘ವಿನಂತಿಸಲಾಗಿದೆ’ ಬದಲು ‘ಕೋರಲಾಗಿದೆ’ ಇತ್ತು, ಅಷ್ಟೇ ವ್ಯತ್ಯಾಸ."

ಆಕೆಗೆ ನಿಜವಾಗಿಯೂ ನಗು ಬಂತು.

"ನಿನ್ನೆ ಲ್ಯಾಪ್‌ಟಾಪ್ ಬೇಕು ಅಂದದ್ದು ಯಾರಿಗೋಸ್ಕರ ಅಂದ್ಕೊಂಡ್ರಿ? ನಿಮಗೇ. ಕೆಳಗೆ ಆಫೀಸಲ್ಲಿ ಕೂತು, ನಿಮ್ಮ ಹೆಸರಲ್ಲೇ ಬರೀಬೇಕು ಅಂತ. ಅದಕ್ಕೆ ಅವರು ಕಲ್ಲು ಹಾಕಿದ್ರು. ನೀವಾದ್ರೂ ಎದ್ದು ಬಾಯಿ ಬಿಡ್ತೀರೇನೋ ಅಂತ ಕಾದೆ. ನೀವು ಸೆರಗು ಹಿಡ್ಕೊಂಡು ಕೂತ್ರಿ." ಖಜಾಂಚಿಯ ದನಿಯಲ್ಲಿ ಬೇಸರವಿತ್ತು. "ನಿಜ ಹೇಳಿ ಅಕ್ಕ, ಆ ಸ್ಲೇಟು ಏನಕ್ಕೂ ಬರಲ್ವಾ?"

"ಹಾಗೇನಿಲ್ಲ. ನಿನ್ನೆ ಪರೀಕ್ಷೆ ಮಾಡಿದೆ. ನೋಡೋಕೆ ಚೆನ್ನಾಗಿದೆ. ಓದೋರಿಗೆ, ಹಾಡು ಕೇಳೋರಿಗೆ, ದೂರದೋರ ಮುಖ ನೋಡಿ ಮಾತಾಡೋರಿಗೆ ಬೇಕಾದಷ್ಟಾಯ್ತು. ಕೂತು ದುಡಿಯೋಕೆ ಮಾತ್ರ ಆಗಲ್ಲ." ಆಕೆ ಬೀಗದ ಕೈ ತೆಗೆದುಕೊಂಡಳು. "ನಮ್ಮ ಮನೇಲಿ ಅಂಥವು ಎರಡಿವೆ."

ಖಜಾಂಚಿ ನಕ್ಕ ನಗುವಿಗೆ ಔಷಧಿ ಕೊಳ್ಳಲು ಬಂದವನೊಬ್ಬ ಬೆಚ್ಚಿ ಹಿಂದೆ ಸರಿದ. ನಗು ನಿಂತ ಮೇಲೆ, "ದೊಡ್ಡ ಚೀಲ ಕೊಡ್ಲಾ? ಗಂಡಸರೆಲ್ಲ ಅಂಗಳದಲ್ಲೇ ಕೂತಿದ್ದಾರೆ. ಸಾಹೇಬ್ರೂ ಇದ್ದಾರೆ. ಮೇಲೆ ಎರಡು ಪೊಟ್ಟಣ ಇಟ್ರೆ ಕಾಣಲ್ಲ" ಎಂದಳು.

ಆಕೆ ಚೀಲದ ಕಡೆ ನೋಡಿದಳು. ಒಂದು ಕ್ಷಣ ಕೈ ಚಾಚಿದಳೂ ಹೌದು. ಆಮೇಲೆ, "ಬೇಡ ಕಣಮ್ಮ" ಎಂದಳು.

ಪೆಟ್ಟಿಗೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ಒಂದು ಇಸ್ತ್ರಿಪೆಟ್ಟಿಗೆ ಬಿದ್ದಿತ್ತು. ಲ್ಯಾಪ್‌ಟಾಪಿನ ಮೂಲೆ ಒಡೆದು ಒಳಗಿನ ಹಸಿರು ಹಲಗೆ ಇಣುಕುತ್ತಿತ್ತು. ಮೀಟರ್ ಕೋಣೆಯ ಗೋಡೆಯಲ್ಲೇ ತಂತಿ ಚುಚ್ಚಿ, ಗುಂಡಿ ಒತ್ತಿ, ಕಣ್ಣು ಮುಚ್ಚಿ ನಿಂತಳು. ಬೇಡಿಕೊಳ್ಳುವುದಕ್ಕೆ ಮಾತು ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನು ಗೊರಗೊರ ಎಂದಿತು. ಕಣ್ಣು ಬಿಟ್ಟು ಪುಸ್ತಕದ ಕಡತ ತೆರೆದಾಗ ಪರದೆಯ ಮೇಲೆ ಏರುಹಲಗೆಯ ಅರ್ಧ ಸಾಲು ಬಿಟ್ಟಲ್ಲೇ ಕಾಯುತ್ತಿತ್ತು.

ಅದನ್ನು ಮುಚ್ಚಿ, ಎದೆಗೆ ಒತ್ತಿಕೊಂಡು, ತಂತಿಯನ್ನು ಮುಂಗೈಗೆ ಸುತ್ತಿಕೊಂಡು ಅಂಗಳಕ್ಕೆ ಬಂದಳು. ಸಿಮೆಂಟಿನ ಬೆಂಚಿನ ಮೇಲೆ ಡ್ರಾಯಿಂಗ್ ಮೇಷ್ಟ್ರು, ಇನ್ನಿಬ್ಬರು, ನಡುವೆ ಸಾಹೇಬರು. ಟ್ಯಾಬ್ಲೆಟ್ ತೆರೆದಿತ್ತು, ಬೆರಳು ಸವರುತ್ತಿತ್ತು.

"ಏ, ಅದನ್ನ ಯಾಕೆ ಎತ್ಕೊಂಡು ಬಂದೆ? ಕಸಕ್ಕೆ ಹಾಕಿದ್ದು ಅದು."

"ನೀವು ಹಾಕಿದ್ರಿ. ನಾನು ಹಾಕಿರಲಿಲ್ಲ."

ಸಾಹೇಬರು ಬೆಂಚಿನವರ ಕಡೆ ತಿರುಗಿ ನಕ್ಕರು. "ನೋಡಿದ್ರಾ? ಹೆಂಗಸರಿಗೆ ಹಳೇದನ್ನ ಬಿಡೋಕೇ ಮನಸ್ಸು ಬರಲ್ಲ."

"ಹೌದು ರೀ" ಎಂದಳು ಆಕೆ. "ಅದಕ್ಕೇ ನೀವೂ ಇನ್ನೂ ಮನೇಲಿದ್ದೀರ."

ಡ್ರಾಯಿಂಗ್ ಮೇಷ್ಟ್ರು ಕೆಮ್ಮಿನಂತೆ ನಕ್ಕರು. ಉಳಿದಿಬ್ಬರು ಅಷ್ಟೂ ಮರೆಮಾಚಲಿಲ್ಲ. ಸಾಹೇಬರ ಬೆರಳು ಗಾಜಿನ ಮೇಲೆ ನಿಂತಿತು.

"ಅದರಿಂದ ಈಗೇನು ಉಪಯೋಗ, ಹೇಳು ನೋಡೋಣ" ಎಂದರು, ದನಿ ಸ್ವಲ್ಪ ಇಳಿಸಿ.

"ಇದರಲ್ಲಿ ನನ್ನ ಕೆಲಸ ಇದೆ. ಇಷ್ಟು ದಿನ ನಿಮ್ಮದೂ ಇತ್ತು. ಇನ್ಮೇಲೆ ನನ್ನದು ಮಾತ್ರ" ಎಂದು ಹೇಳಿ ಆಕೆ ಲಿಫ್ಟಿನ ಕಡೆ ನಡೆದಳು. ದನಿ ಏರಿಸಿರಲಿಲ್ಲ. ಹಿಂದೆ ಯಾರೋ, "ಅಂದ್ರೆ ನೋಟೀಸೆಲ್ಲ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದ್ದು ಕೇಳಿಸಿತು.

ಸಾಹೇಬರಿಗೆ ಇಷ್ಟಾದರೂ ಅರ್ಥವಾಯಿತು ಎಂದುಕೊಂಡರೆ ಅವರನ್ನು ತಿಳಿಯದೆ ಮಾತಾಡಿದಂತೆ. ಮಧ್ಯಾಹ್ನ ವ್ಯಾನ್ ಬಂದು ಪೆಟ್ಟಿಗೆ ಒಯ್ದಿತು. ಊಟದ ಹೊತ್ತಿನಲ್ಲಿ ಅವರು ಮುಖ ಊದಿಸಿಕೊಂಡಿದ್ದರು. ಜನರ ಮುಂದೆ ಹಾಗೆ ಹೇಳಬಾರದಿತ್ತು ಎಂದು ಒಮ್ಮೆ ಅಂದರು. ಆಕೆ, "ಜನರ ಮುಂದೆ ಕೇಳಿದ್ರಿ" ಎಂದು ನೀರಿನ ಲೋಟ ಮುಂದೆ ಸರಿಸಿದಳು. ಅಲ್ಲಿಗೆ ಅದು ಮುಗಿಯಿತು ಎಂದೇ ಸಾಹೇಬರು ಭಾವಿಸಿದರು. ಹೆಂಡತಿಯ ಕೋಪ ಇಳಿದ ಮೇಲೆ ಎಲ್ಲ ಮೊದಲಿನಂತೆ ಆಗುವುದೆಂಬ ವಿಷಯದಲ್ಲಿ ಅವರಿಗೆ ಮೂವತ್ತು ವರ್ಷದ ಅನುಭವವಿತ್ತು.

ಎರಡು ದಿನ ಕಳೆದು ಮೇಲಿನ ತೊಟ್ಟಿ ತೊಳೆಸುವ ಕೆಲಸ ಬಂತು. ಸಾಹೇಬರು ಟ್ಯಾಬ್ಲೆಟ್ ಹಿಡಿದು ಹಜಾರದಲ್ಲಿ ಅಡ್ಡಾಡುತ್ತ ಶುರುಮಾಡಿದರು. "ಮಾನ್ಯ ನಿವಾಸಿಗಳೇ. ನಾಳೆ ಮೇಲಿನ ತೊಟ್ಟಿಯನ್ನು ತೊಳೆಯುವ ನಿಮಿತ್ತ ನೀರು ಸರಬರಾಜು ಇರುವುದಿಲ್ಲ. ತಾವೆಲ್ಲರೂ ಮುಂಚಿತವಾಗಿ ನೀರು ಹಿಡಿದಿಟ್ಟುಕೊಳ್ಳಬೇಕಾಗಿ..." ಒಳಕೋಣೆಯಲ್ಲಿ ಟಕಟಕ ಸದ್ದು ಎಂದಿನಂತೆ ನಡೆದಿತ್ತು. ಸಾಹೇಬರ ಮನಸ್ಸು ಹಗುರವಾಯಿತು. ಹೇಳಿ ಮುಗಿಸಿ, ಸೋಫಾದ ಮೇಲೆ ಕೂತು, ಗಾಜು ಒರೆಸಿ ಕಾದರು. ಸದ್ದು ಬರುತ್ತಲೇ ಇತ್ತು. ಗಾಜು ಖಾಲಿಯಾಗಿಯೇ ಇತ್ತು.

"ಬಂದಿಲ್ಲ ಕಣೇ" ಎಂದರು.

"ಏನು?"

"ನೋಟೀಸು. ಹೇಳಿದೆನಲ್ಲ."

"ಕೇಳಿಸ್ತು."

"ಮತ್ತೆ ಟೈಪ್ ಮಾಡ್ತಿದ್ದೀಯಲ್ಲ?"

"ಇದು ಮಕ್ಕಳದು ರೀ."

ಆಮೇಲೆ ಹಜಾರದಿಂದ ಗಾಜಿನ ಮೇಲೆ ಒಂದು ಬೆರಳು ಬೀಳುವ ಸಣ್ಣ ಟಪ್ ಎಂಬ ದನಿ. ನಡುವೆ ದೀರ್ಘ ಮೌನ. ಮತ್ತೊಂದು ಟಪ್. ಆಕೆ ಕ್ಷಣಕಾಲ ಕೈ ನಿಲ್ಲಿಸಿ ಕೇಳಿಸಿಕೊಂಡಳು. ಕರುಣೆ ಬರುತ್ತದೇನೋ ಎಂದು ಕಾದಳು. ಅಂಗೈಯಗಲ ಬಂತು, ಎದ್ದು ಹೋಗುವಷ್ಟು ಬರಲಿಲ್ಲ.

ಸಂಜೆಯ ಹೊತ್ತಿಗೆ ಕಟ್ಟಡದವರಿಗೆಲ್ಲ ಕಾರ್ಯದರ್ಶಿಯ ನೋಟೀಸು ಬಂತು. "ಮಾನ್ಯ ನಿವಾಸಿಗಳೇ ನಾಳೆ ನೀರು" ಎಂದಿತ್ತು. ಮುಂದೇನೂ ಇರಲಿಲ್ಲ. ಕೈ ತಪ್ಪಿ ಅಷ್ಟಕ್ಕೇ ಹೋಗಿಬಿಟ್ಟಿತ್ತು. ಔಷಧಿ ಅಂಗಡಿಯಾಕೆ ಎಲ್ಲರಿಗೂ ಕಾಣುವಂತೆ ಕೆಳಗೆ ಬರೆದಿದ್ದಳು: "ನಾಳೆ ನೀರಿಗೆ ಏನಾಗಿದೆ ಸಾಹೇಬ್ರೇ? ಮದುವೆಯಾ?"

ಸಾಹೇಬರು ಒಳಕೋಣೆಯ ಬಾಗಿಲಿಗೆ ಬಂದು ನಿಂತರು. ಟ್ಯಾಬ್ಲೆಟ್ ಕಂಕುಳಲ್ಲಿರಲಿಲ್ಲ, ಎರಡು ಕೈಯಲ್ಲಿತ್ತು. ಮುಖ ಕೆಂಪಾಗಿತ್ತು. ಕೇಳಬೇಕಾದದ್ದನ್ನು ಕೇಳುವುದಕ್ಕೆ ಮೊದಲು ಅವರು ಕೋಣೆಯನ್ನು ಒಮ್ಮೆ ನೋಡಿದರು: ಮೇಜು, ಗೋಡೆಗೆ ಚುಚ್ಚಿದ ತಂತಿ, ಒಡೆದ ಮೂಲೆಗೆ ಆಕೆ ಸುತ್ತಿದ್ದ ಬಟ್ಟೆಯ ಪಟ್ಟಿ, ಬಗ್ಗಿದ ಬೆನ್ನು. ಅದನ್ನೆಲ್ಲ ಮೊದಲ ಸಲ ನೋಡುತ್ತಿದ್ದವರಂತೆ ಕಂಡರು.

"ತೊಟ್ಟಿಗೆ ಒತ್ತಕ್ಷರ ಇದರಲ್ಲಿ ಎಲ್ಲಿದೆ?" ಎಂದರು.

"ಹುಡುಕಿ" ಎಂದಳು ಆಕೆ, ತಿರುಗದೆ. "ಗಾಜಿನ ಮೇಲೇ ಇರುತ್ತೆ. ಎಲ್ಲಾ ಅಭ್ಯಾಸ."

ಅವರು ಹೊರಟುಹೋದರು. ಹಜಾರದಲ್ಲಿ ಮತ್ತೆ ಟಪ್ ಎಂದಿತು. ಆಕೆ ಪುಸ್ತಕದ ಚಿತ್ರವನ್ನು ಇನ್ನೊಮ್ಮೆ ನೋಡಿ, ಕೀಲಿಗಳ ಮೇಲೆ ಬೆರಳಿಟ್ಟು ಸ್ವಲ್ಪ ಯೋಚಿಸಿದಳು. ಆಮೇಲೆ ಇಷ್ಟು ದಿನ ಕೈಗೆ ಬಾರದಿದ್ದದ್ದು ಸರಾಗವಾಗಿ ಬಂತು. "ಚಿತ್ರ: ಉದ್ದವಾದ ಒಂದು ಹಲಗೆ. ಅದರ ಕೆಳಗೆ, ಒಂದು ತುದಿಗೆ ಹತ್ತಿರವಾಗಿ, ಒಂದು ಆನಿಕೆ. ಹಲಗೆಯ ಆ ತುದಿಯಲ್ಲಿ ಭಾರ ಕೂತಿದೆ. ಇನ್ನೊಂದು ತುದಿಯಲ್ಲಿ ಕೂತಿರುವುದು ಬಲ. ಬಲ ಕೂತಿರುವ ತನಕ ಭಾರ ಮೇಲಿರುತ್ತದೆ. ಬಲ ಎದ್ದು ಹೋದರೆ ಭಾರ ನೆಲಕ್ಕೆ ಬರುತ್ತದೆ. ನಿಮ್ಮ ಶಾಲೆಯ ಅಂಗಳದಲ್ಲಿ ಕೂತು ನೋಡಿ."

ಶಾಲೆ ತೆರೆಯುವ ಮುಂಚಿನ ವಾರ ಪುಸ್ತಕ ಯಂತ್ರಕ್ಕೆ ಹೋಯಿತು.